ಮೂಗಿನ ಹಂಗಿಲ್ಲದ ಅಡುಗೆ

ನನ್ನ ಗಂಡ ಕೃತಘ್ನ ಮನುಷ್ಯ. ಸಿಟ್ಟಿನಲ್ಲಿ ಹೇಳುತ್ತಿಲ್ಲ, ಸಿಟ್ಟು ಇಷ್ಟು ವರ್ಷ ಬಾಳಿಕೆ ಬರುವ ವಸ್ತುವಲ್ಲ. ಕಾಲೇಜಿನಲ್ಲಿ ತರ್ಕಶಾಸ್ತ್ರ ಕಲಿಸಿ ನಿವೃತ್ತಳಾದವಳು ನಾನು, ಆಧಾರವಿಲ್ಲದೆ ಯಾರ ಮೇಲೂ ತೀರ್ಪು ಕೊಡುವುದಿಲ್ಲ. ಆಧಾರ ಇಷ್ಟು: ಮದುವೆಯಾದ ದಿನದಿಂದ ನಾನು ಮಾಡಿದ ಯಾವ ಅಡುಗೆಯ ಮೊದಲ ತುತ್ತನ್ನೂ ಈ ಮನುಷ್ಯ ನುಂಗಿಲ್ಲ. ಉಗುಳಿದ್ದಾರೆ.

ನಿವೃತ್ತರಾಗುವವರೆಗೂ ಅದೇ ಅವರ ವೃತ್ತಿ. ಚಹಾ ಕಂಪನಿಯಲ್ಲಿ ರುಚಿ ನೋಡುವ ಕೆಲಸ. ಉದ್ದನೆಯ ಮೇಜಿನ ಮೇಲೆ ಬಿಳಿ ಬಟ್ಟಲುಗಳ ಸಾಲು. ಪ್ರತಿ ಬಟ್ಟಲಿನಿಂದ ಒಂದು ಚಮಚ ಚಹಾ ತೆಗೆದು, ಪಕ್ಕದ ಕೋಣೆಯವರೂ ಬೆಚ್ಚುವ ಹಾಗೆ ಸೊರ್ರೆಂದು ಹೀರಿ, ಬಾಯಲ್ಲಿ ಒಂದು ಸುತ್ತು ಹೊರಳಿಸಿ, ಅದರ ವಾಸನೆಯನ್ನು ಮೂಗಿಗೆ ಏರಿಸಿ, ಎತ್ತರದ ಪಾತ್ರೆಯೊಂದಕ್ಕೆ ಉಗಿದು, ಒಂದೇ ಒಂದು ಮಾತು ಹೇಳಬೇಕು. ‘ಸಪ್ಪೆ.’ ‘ಹೊಗೆ.’ ‘ಮುದಿ ಎಲೆ.’ ನುಂಗುವುದು ಮಾತ್ರ ಮಹಾಪರಾಧ. “ನುಂಗಿದವನು ತೀರ್ಪು ಕೊಡೋ ಹಾಗಿಲ್ಲ. ನುಂಗಿದ ಮೇಲೆ ನಾಲಿಗೆ ಹೊಟ್ಟೆ ಪಕ್ಷ ಸೇರಿಬಿಡತ್ತೆ” ಎನ್ನುವುದು ಅವರು ಕೆಲಸಕ್ಕೆ ಬಂದ ಹೊಸಬರಿಗೆಲ್ಲ ಕೊಡುತ್ತಿದ್ದ ಉಪದೇಶ.

ಕಂಪನಿಯವರು ಇದಕ್ಕೆ ಸಂಬಳ ಕೊಡುತ್ತಿದ್ದರು. ನಾನು ಕೊಡುತ್ತಿರಲಿಲ್ಲ. ಆದರೂ ಮನೆಯಲ್ಲೂ ಅದೇ ಕ್ರಮ. ತಟ್ಟೆಯ ಎಡಕ್ಕೆ ಒಂದು ಎತ್ತರದ ಸ್ಟೀಲ್ ಲೋಟ. ಮೊದಲ ತುತ್ತು ಬಾಯಿಗೆ. ಒಂದು ಸೊರ್ರು, ಒಂದು ಸುತ್ತು. ಆಮೇಲೆ ನಮಗೆ ಬೆನ್ನು ತಿರುಗಿಸಿ ಲೋಟಕ್ಕೆ ಥೂ. ಬಳಿಕ ತೀರ್ಪು. ಆ ತೀರ್ಪನ್ನು ನನ್ನ ಮೇಲೆ ಹೇರಿದ ನಂತರ ಉಳಿದ ಊಟವನ್ನು ಒಂದಗುಳೂ ಬಿಡದೆ ಮುಗಿಸುತ್ತಿದ್ದರು. (ಅಪರಾಧಿಯ ಮನೆಯಲ್ಲೇ ನ್ಯಾಯಾಧೀಶರ ಊಟ.) ಲೋಟವನ್ನು ಮಾತ್ರ ತಾವೇ ತೊಳೆದು ಬೋರಲು ಹಾಕುತ್ತಿದ್ದರು. ಈ ಸಂಸಾರದಲ್ಲಿ ಅವರು ನಿರ್ವಹಿಸಿದ ಏಕೈಕ ಗೃಹಕೃತ್ಯ ಅದು. ಬೇರೆ ಯಾರಿಗೂ ಆ ಲೋಟ ಮುಟ್ಟಲು ಬಿಟ್ಟವರಲ್ಲ. ಮುಟ್ಟಬೇಕೆಂದು ನಾವು ಯಾರೂ ಹಂಬಲಿಸಿಯೂ ಇರಲಿಲ್ಲ.

ಹೀಗಿರುವಾಗ ಅವರಿಗೊಂದು ಜ್ವರ ಬಂತು. ಹೋಗುವಾಗ ಮೂಗನ್ನೂ ಜೊತೆಗೆ ಕರೆದುಕೊಂಡು ಹೋಯಿತು. ಮೂಗೇನೋ ಮುಖದ ಮೇಲೇ ಇದೆ, ಕನ್ನಡಕ ಹೊರುತ್ತಿದೆ. ವಾಸನೆ ಮಾತ್ರ ಸಂಪೂರ್ಣ ನಾಸ್ತಿ. ಅದು ಗೊತ್ತಾದ ಬೆಳಿಗ್ಗೆ ಅವರು ಚಹಾ ಪುಡಿಯ ಡಬ್ಬಿ ತೆರೆದು ಅದರೊಳಗೆ ಮುಖ ಇಟ್ಟುಕೊಂಡು ಬಹಳ ಹೊತ್ತು ನಿಂತಿದ್ದರು. ಆಮೇಲೆ ಮುಚ್ಚಳ ಹಾಕಿದರು. ಅದೇ ಮಧ್ಯಾಹ್ನ ಸ್ಟೀಲ್ ಲೋಟವನ್ನು ತೊಳೆದು ಒರೆಸಿ, ಅಡುಗೆಮನೆಯ ಕಪಾಟಿನ ನೆತ್ತಿಯ ಮೇಲೆ, ಕೆಟ್ಟುಹೋದ ಮಿಕ್ಸಿಯ ಹಿಂದೆ ನೆಟ್ಟಗೆ ಇಟ್ಟರು.

ಅಲ್ಲಿಂದಾಚೆಗೆ ನಮ್ಮ ಊಟದ ಮೇಜು ಸಂತಾಪ ಸಭೆಯಾಯಿತು.

“ಹೇಗಿದೆ?” ಎಂದು ನಾನು ಕೇಳುತ್ತಿದ್ದೆ.

“ಇದೆ.”

“ಇದೆ ಅಂದ್ರೆ?”

“ತಟ್ಟೇಲಿ ಇದೆ. ಒದ್ದೆ ರಟ್ಟಿನ ಹಾಗಿದೆ. ನಿನ್ನ ತಪ್ಪಲ್ಲ ಬಿಡು.”

ನಿನ್ನ ತಪ್ಪಲ್ಲ! ಆ ಬಾಯಿಂದ ಆ ಮಾತು ಕೇಳಿದಾಗ ಮನೆಗೆ ಅಪರಿಚಿತರು ಬಂದು ಕೂತ ಹಾಗಾಯಿತು. ಅವರ ಪ್ಯಾಂಟುಗಳು ಸಡಿಲವಾದವು. ಬೆಲ್ಟಿಗೆ ಹೊಸ ತೂತು ಕೊರೆಸಿದೆವು, ಅದೂ ಸಾಲದಾಯಿತು. ಒಂದು ದಿನ ಪರೀಕ್ಷೆಗೆಂದು ಉಪ್ಪನ್ನೇ ಹಾಕದೆ ಬಡಿಸಿದೆ. ಅರ್ಧ ತಿಂದು, ಒಂದು ಮಾತೂ ಆಡದೆ ಎದ್ದು ಹೋದರು. ಅವತ್ತು ನನಗೆ ಭಯವಾಯಿತು.

ಕಿವಿ-ಮೂಗು-ಗಂಟಲಿನ ಡಾಕ್ಟರು ಅವರನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿ ಮುಖ ಗಂಟಿಕ್ಕಿಕೊಂಡರು. “ಮುಂದಿನ ಸಲ ಬರೋ ಹೊತ್ತಿಗೆ ಇನ್ನೂ ಇಳಿದಿದ್ರೆ ಸುಮ್ನಿರೋಕೆ ಆಗಲ್ಲ. ಆಸ್ಪತ್ರೆಗೆ ಸೇರಿಸ್ಕೊಂಡು ಮೂಗಿನಿಂದ ನಳಿಗೆ ಹಾಕಿ ಆಹಾರ ಕೊಡಬೇಕಾಗತ್ತೆ.”

“ಹಾಕಿ ಡಾಕ್ಟ್ರೇ,” ಎಂದರು ನನ್ನ ಗಂಡ. “ಅದಕ್ಕಾದ್ರೂ ಈ ಮೂಗು ಉಪಯೋಗಕ್ಕೆ ಬರಲಿ.”

ಡಾಕ್ಟರು ನಕ್ಕರು. ನಾನು ನಗಲಿಲ್ಲ, ಅದು ತಮಾಷೆಯಾಗಿರಲಿಲ್ಲ.

ಮನೆಗೆ ಬರುವ ದಾರಿಯುದ್ದಕ್ಕೂ ತರ್ಕಿಸಿದೆ. ಮೂಗು ಹೋಗಿದೆ, ನಾಲಿಗೆ ಹೋಗಿಲ್ಲ. ಉಪ್ಪು, ಹುಳಿ, ಸಿಹಿ, ಕಹಿ ನಾಲಿಗೆಯ ಸೊತ್ತು. ಖಾರ ಎಂಬುದು ರುಚಿಯೇ ಅಲ್ಲ, ನೋವು. ನೋಯಲು ಮೂಗು ಬೇಕಿಲ್ಲ. ಕರುಂ ಕುರುಂ ಎನ್ನುವುದು ಕಿವಿಯ ಖಾತೆಗೆ ಸೇರಿದ್ದು. ಆದ್ದರಿಂದ, ಮೂಗಿನ ಹಂಗಿಲ್ಲದ ಅಡುಗೆಯೊಂದು ಎಲ್ಲೋ ಇರಲೇಬೇಕು. ಸಿದ್ಧಾಂತ ನನ್ನ ಕೈಯಲ್ಲಿತ್ತು, ಪದಾರ್ಥ ಸಿಕ್ಕಿರಲಿಲ್ಲ.

ಪದಾರ್ಥ ಕೊಟ್ಟವಳು ಪುಟ್ಟಿ. ಪುಟ್ಟಿ ನನ್ನ ನಾದಿನಿ, ಹಲ್ಲಿನ ಡಾಕ್ಟರು, ಅರವತ್ತು ದಾಟಿದ್ದಾಳೆ, ಬಾಗಿಲಲ್ಲಿ ಓರೆಯಾಗಿ ಒಳಬರುತ್ತಾಳೆ. ಹೆಸರಿಟ್ಟ ದಿನ ಇದನ್ನೆಲ್ಲ ಯಾರೂ ಊಹಿಸಿರಲಿಲ್ಲ.

“ಅತ್ತಿಗೆ, ಥಾಯ್ ಪೀನಟ್ ಚಿಕನ್ ಮಾಡಿ,” ಎಂದಳು ಫೋನಿನಲ್ಲಿ. “ಹೋಟೆಲಲ್ಲಿ ತಿಂದಿದ್ದೀನಿ. ಹುಳಿ, ಉಪ್ಪು, ಸಿಹಿ, ಖಾರ ನಾಲ್ಕೂ ಒಟ್ಟಿಗೇ ಕಪಾಳಕ್ಕೆ ಹೊಡೆದ ಹಾಗಿರತ್ತೆ. ಮೇಲೆ ಕಡಲೆಕಾಯಿ ಚೂರು ಕಟಕಟ ಅನ್ನತ್ತೆ. ನಾನು ಹೇಳ್ತಾ ಹೋಗ್ತೀನಿ, ನೀವು ಮಾಡ್ತಾ ಹೋಗಿ. ಮೊದಲು ಕಡಲೆಕಾಯಿ ಬೀಜ ಹುರೀಬೇಕು.”

“ಎಷ್ಟು ಹೊತ್ತು?”

“ಘಮ್ ಅನ್ನೋವರೆಗೆ.”

“ಘಮ್ ಅನ್ನೋದು ಅಳತೆಯಲ್ಲ ಪುಟ್ಟಿ.”

“ಅಯ್ಯೋ, ಹದವಾಗಿ ಹುರೀರಿ ಅತ್ತಿಗೆ.”

“ಹದ ಅಂದ್ರೆ?”

“ಜಾಸ್ತಿನೂ ಆಗ್ಬಾರ್ದು, ಕಮ್ಮಿನೂ ಆಗ್ಬಾರ್ದು.”

“ಇದನ್ನ ನನ್ನ ವಿದ್ಯಾರ್ಥಿಗಳು ಬರೆದಿದ್ರೆ ಸೊನ್ನೆ ಕೊಡ್ತಿದ್ದೆ.”

“ಅದಕ್ಕೇ ಅವರು ಯಾರೂ ನಿಮ್ಮನ್ನ ನೋಡೋಕೆ ಬರಲ್ಲ,” ಎಂದು ಪುಟ್ಟಿ ಫೋನ್ ಇಟ್ಟಳು. ಮತ್ತೆ ತಾನೇ ಮಾಡಿ, ತೆಂಗಿನ ಹಾಲು, ನಿಂಬೆರಸ, ಬೆಲ್ಲ, ಕೆಂಪು ಮೆಣಸಿನಕಾಯಿ, ಅದರ ಮೇಲೆ ಒಂದು ಸಣ್ಣ ಬಾಟಲಿ ಮೀನಿನ ಸಾಸ್ ತರಬೇಕೆಂದು ಹೇಳಿದಳು. “ಅದರ ವಾಸನೆ ಸ್ವಲ್ಪ ಜೋರು. ಹುಷಾರಾಗಿ ತೆಗೀರಿ.”

ಪುಟ್ಟಿ ಯಾವುದನ್ನಾದರೂ ಸ್ವಲ್ಪ ಎಂದರೆ ಅದರ ಅರ್ಥವೇನೆಂದು, ಅವಳ ಕೈಯಲ್ಲಿ ಹಲ್ಲು ಕೀಳಿಸಿಕೊಂಡ ನನಗೆ ಗೊತ್ತಿರಬೇಕಿತ್ತು.

ಸಂಜೆ ಕೆಲಸ ಶುರುವಾಯಿತು. ಒಂದು ಒಲೆಯ ಮೇಲೆ ಕೋಳಿ, ಇನ್ನೊಂದರ ಮೇಲೆ ಬಾಣಲೆಯಲ್ಲಿ ಕಡಲೆಕಾಯಿ ಬೀಜ. ಗಂಡ ನಡುಮನೆಯಲ್ಲಿ ಕುರ್ಚಿಗೆ ಒರಗಿ ಕಣ್ಣು ಮುಚ್ಚಿದ್ದರು. ಮೀನಿನ ಸಾಸಿನ ಬಿರಡೆ ತಿರುಗಲಿಲ್ಲ. ಬಟ್ಟೆ ಹಿಡಿದು ತಿರುಗಿಸಿದೆ. ಬಿರಡೆ ನನ್ನ ಕೈಯಲ್ಲೇ ಉಳಿಯಿತು. ಬಾಟಲಿ ಕೆಳಗೆ ಬಿದ್ದು ಒಡೆಯಿತು.

ಆ ವಾಸನೆಯನ್ನು ವರ್ಣಿಸುವ ಶಬ್ದಗಳು ಸಭ್ಯ ಬರಹದಲ್ಲಿ ಇಲ್ಲ. ಸಮುದ್ರವೊಂದು ತೀರಿಕೊಂಡು, ಅದರ ದೇಹವನ್ನು ನಮ್ಮ ಅಡುಗೆಮನೆಯಲ್ಲಿ ತಂದು ಮಲಗಿಸಿದ್ದರು ಎನ್ನಬಹುದು. ಮೂಗಿಗೆ ಸೆರಗು ಕಟ್ಟಿಕೊಂಡು ಗಾಜು ಆರಿಸಿದೆ, ಸೋಪಿನ ನೀರು ಸುರಿದೆ, ಉಜ್ಜಿದೆ. ಅಷ್ಟರಲ್ಲಿ ಕರೆಗಂಟೆ ಸದ್ದಾಯಿತು. ಕೆಳಗಿನ ಮನೆಯ ವಕೀಲರು.

“ಮೇಡಂ, ತಪ್ಪು ತಿಳ್ಕೋಬೇಡಿ. ಏನೋ... ಸತ್ತ ವಾಸನೆ ಬರ್ತಾ ಇದೆ. ನಿಮ್ಮ ಮನೇಲಿ ಎಲ್ಲರೂ ಆರೋಗ್ಯವಾಗಿದ್ದಾರಾ?” ಎನ್ನುತ್ತ ನನ್ನ ಭುಜದಾಚೆ ಇಣುಕಿದರು. ಅಲ್ಲಿ ನನ್ನ ಗಂಡ, ಕುಗ್ಗಿ ಹೋದ ಮುಖ ಹೊತ್ತು, ಕುರ್ಚಿಯಲ್ಲಿ ಮಿಸುಕಾಡದೆ ಒರಗಿದ್ದರು.

“ಇನ್ನೂ ಇದ್ದಾರೆ,” ಎಂದೆ.

“ರೀ, ಒಂಚೂರು ಅಲ್ಲಾಡಿ,” ಎಂದು ಕೂಗಿದೆ. ಗಂಡ ಕಣ್ಣು ಮುಚ್ಚಿಕೊಂಡೇ ಕೈ ಎತ್ತಿ ತೋರಿಸಿದರು. ವಕೀಲರು ಅರೆಮನಸ್ಸಿನಿಂದ ಇಳಿದು ಹೋದರು.

ಒಳಗೆ ಬಂದರೆ ಕಡಲೆಕಾಯಿ ಕಪ್ಪಗಾಗಿತ್ತು. ಘಮ್ ಎಂದಿತ್ತೋ ಏನೋ; ಆ ಮನೆಯಲ್ಲಿ ಅಂದು ಯಾರ ಘಮವೂ ಯಾರಿಗೂ ತಿಳಿಯುವಂತಿರಲಿಲ್ಲ. ಬೇರೆ ಬೀಜ ಇರಲಿಲ್ಲ. ತೀರಾ ಇದ್ದಿಲಾದವನ್ನು ಆರಿಸಿ ಬಿಸಾಡಿ, ಉಳಿದದ್ದನ್ನು ರುಬ್ಬಿದೆ. ಕಹಿ ಮುಚ್ಚಲು ಬೆಲ್ಲ ಹಾಕಿದೆ, ಬೆಲ್ಲ ಮುಚ್ಚಲು ನಿಂಬೆ, ನಿಂಬೆ ಮುಚ್ಚಲು ಉಪ್ಪು, ಎಲ್ಲದರ ಮೇಲೆ ಮೆಣಸಿನಕಾಯಿ. ಒಂದು ಸುಳ್ಳು ಹೇಳಿದವರು ಮುಂದೆ ಹೇಗೆ ನಡೆದುಕೊಳ್ಳುತ್ತಾರೋ ಥೇಟ್ ಹಾಗೆ. ಈ ಮಧ್ಯೆ ಕೋಳಿಯನ್ನು ಮರೆತಿದ್ದರಿಂದ ಅದು ಗಟ್ಟಿಯಾಗಿ ನನ್ನತ್ತ ನೋಡುತ್ತಿತ್ತು.

ಪುಟ್ಟಿ ಓರೆಯಾಗಿ ಒಳಬಂದವಳೇ ಮೂಗು ಹಿಡಿದುಕೊಂಡಳು. “ಕೊಳೆತ ಹಲ್ಲು ಎಷ್ಟು ಕಿತ್ತಿದ್ದೀನೋ ಲೆಕ್ಕ ಇಲ್ಲ ಅತ್ತಿಗೆ, ಇಂಥದ್ದು ಕಂಡಿಲ್ಲ.” ಬೆರಳಿನ ತುದಿಯಲ್ಲಿ ಗೊಜ್ಜು ನೆಕ್ಕಿ ನೋಡಿದಳು. ಅವಳ ಮುಖ ಹಿಂಡಿದ ನಿಂಬೆಹಣ್ಣಿನ ಹಾಗಾಯಿತು. “ಕಹಿ! ಇದನ್ನ ಅಣ್ಣನಿಗೆ ಹಾಕ್ಬೇಡಿ. ಇರೋ ಒಂದು ಚೂರು ಆಸೆನೂ ಹೋಗತ್ತೆ. ಹೋಟೆಲಿಂದ ತರಿಸ್ತೀನಿ.”

“ಅವರಿಗೆ ಏನೂ ಗೊತ್ತಾಗಲ್ವಲ್ಲ.”

“ಗೊತ್ತಾಗ್ಲಿ ಅಂತ ತಾನೇ ಮಾಡಿದ್ದು?”

ಅಪರೂಪಕ್ಕೆ ಅವಳ ತರ್ಕ ಸರಿಯಾಗಿತ್ತು. ಅಷ್ಟರಲ್ಲಿ ಗಂಡ ಬಂದು ಮೇಜಿನ ಮುಂದೆ ಕೂತಿದ್ದರು.

“ಏನು ಅದು, ಅಣ್ಣನಿಗೆ ಹಾಕ್ಬಾರ್ದದ್ದು?”

“ಏನಿಲ್ಲಣ್ಣ.”

“ನಿನ್ನ ಮುಖ ನೋಡಿದ್ರೆ ಏನೋ ಇದೆ. ಹಾಕು.”

ನಾನು ಬಡಿಸಿದೆ. ನಾನೇ ಬಡಿಸಿದೆ. ಅವರು ಚಮಚದ ತುದಿಯಿಂದ ಗೊಜ್ಜನ್ನು ಮುಟ್ಟಿ, ನಾಲಿಗೆಗೆ ತಾಗಿಸಿ, ಚಮಚ ಕೆಳಗಿಟ್ಟರು. ಕುರ್ಚಿ ಹಿಂದೆ ತಳ್ಳಿ ಎದ್ದರು. ಅಷ್ಟೇ, ಮುಗಿಯಿತು ಎಂದುಕೊಂಡೆ. ದಿನಾ ಎದ್ದು ಹೋಗುತ್ತಿದ್ದುದು ಹಾಗೆಯೇ. ಅಂದರೆ ಇನ್ನು ನಳಿಗೆ.

ಆದರೆ ಅವರು ಹೋಗಿದ್ದು ಅಡುಗೆಮನೆಗೆ. ಸ್ಟೂಲು ಎಳೆಯುವ ಸದ್ದಾಯಿತು.

“ಅಣ್ಣಾ, ಬೀಳ್ತೀಯ!” ಪುಟ್ಟಿ ಓಡಿಹೋಗಿ ಸ್ಟೂಲು ಹಿಡಿದಳು. ಅವರು ಕಪಾಟಿನ ನೆತ್ತಿಗೆ ಕೈ ಹಾಕಿ, ಮಿಕ್ಸಿಯನ್ನು ಸರಿಸಿ, ಲೋಟ ತೆಗೆದರು. ಪಂಚೆಯ ತುದಿಯಿಂದ ಹೊರಗಡೆ ಒಂದು ಸಲ ಒರೆಸಿದರು. ತಂದು ತಟ್ಟೆಯ ಎಡಕ್ಕೆ ಇಟ್ಟುಕೊಂಡರು.

ನಾವಿಬ್ಬರೂ ಉಸಿರಾಡಲಿಲ್ಲ. (ಉಸಿರಾಡದಿರಲು ವಾಸನೆಯೂ ಕಾರಣ.)

ತುಂಬಿದ ಚಮಚ. ಸೊರ್ರ್! ಬಾಯಲ್ಲಿ ಒಂದು ಸುತ್ತು. ಅಭ್ಯಾಸಬಲದಿಂದ ಮೂಗಿನ ಹೊಳ್ಳೆ ಅರಳಿತು, ಏನೂ ಸಿಗದೆ ಮುಚ್ಚಿಕೊಂಡಿತು. ಮತ್ತೊಂದು ಸುತ್ತು. ಲೋಟ ಎತ್ತಿಕೊಂಡು ನಮಗೆ ಬೆನ್ನು ತಿರುಗಿಸಿದರು. ಥೂ.

“ಕಡಲೆಕಾಯಿ ಕರಟಿದೆ,” ಎಂದರು.

ಪುಟ್ಟಿ ನನ್ನ ಕೈ ಹಿಡಿದುಕೊಂಡಳು.

“ಕಹಿ ಮುಚ್ಚೋಕೆ ಬೆಲ್ಲ ಹಾಕಿದ್ದೀಯ. ಅದು ಜಾಸ್ತಿ ಆಯ್ತು ಅಂತ ನಿಂಬೆ. ಗಾಬರಿ ಆಗಿ ಉಪ್ಪು. ಕೋಳಿ ಚಪ್ಪಲಿ ಅಟ್ಟೆ. ಇದು ಅಡುಗೆ ಅಲ್ಲ, ಅಪಘಾತ. ಒಂದೊಂದಾಗಿ ಎಲ್ಲಾ ನಾಲಿಗೆಗೆ ಕಾಣ್ತಾ ಇದೆ.”

“ಹೊಸ ಅಡುಗೆ, ಮೊದಲನೇ ಸಲ—”

“ಹೊಸದಾದ್ರೇನು? ನಲವತ್ತು ವರ್ಷದಿಂದ ನೋಡ್ತಾ ಇದ್ದೀನಿ, ಒಲೆ ಮೇಲೆ ಇಟ್ಟು ಇನ್ನೆಲ್ಲೋ ಹೋಗ್ತೀಯ.”

“ಬಾಗಿಲಿಗೆ ಹೋಗಿದ್ದೆ. ನೀವು ಸತ್ತಿದ್ದೀರಾ ಅಂತ ವಕೀಲರು ವಿಚಾರಿಸೋಕೆ ಬಂದಿದ್ರು.”

“ಇದನ್ನ ತಿಂದ ಮೇಲೆ ಬರಬೇಕಿತ್ತು ಅವರು,” ಎಂದು ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡು ತಿನ್ನತೊಡಗಿದರು. ಬೈಯುತ್ತಲೇ ತಿಂದರು. ಹಣೆಯಲ್ಲಿ ಬೆವರು, ಕಣ್ಣಲ್ಲಿ ನೀರು. ತಟ್ಟೆ ಖಾಲಿಯಾಯಿತು, ಮುಂದಕ್ಕೆ ತಳ್ಳಿ, “ಇನ್ನೊಂದು ಸ್ವಲ್ಪ ಅಪಘಾತ ಹಾಕು” ಎಂದರು. ಪುಟ್ಟಿಯ ಕಣ್ಣಲ್ಲೂ ನೀರಿತ್ತು. ಖಾರ ಎಂದಳು. ಅವಳು ಒಂದು ತುತ್ತೂ ತಿಂದಿರಲಿಲ್ಲ.

ಕೊನೆಗೆ ಅಂತಿಮ ಆಜ್ಞೆ ಹೊರಬಿತ್ತು: “ನಾಳೆ ಮತ್ತೆ ಮಾಡು. ಕಡಲೆಕಾಯಿ ಹತ್ರಾನೇ ನಿಂತ್ಕೋ. ಸರಿಯಾಗೋವರೆಗೂ ದಿನಾ ಮಾಡು.”

ಹೀಗೆ, ಗಂಡನನ್ನು ನಳಿಗೆಯಿಂದ ಪಾರು ಮಾಡಲು ಹೋಗಿ ನಾನು ದಿನನಿತ್ಯದ ಛೀಮಾರಿಗೆ ಮತ್ತೆ ಗುರಿಯಾದೆ. ಒಬ್ಬ ವಿದ್ಯಾವಂತೆ ತನ್ನ ತರ್ಕವನ್ನೆಲ್ಲ ಬಳಸಿ ತನಗೇ ತೋಡಿಕೊಂಡ ಗುಂಡಿ ಇದು. ಲೋಟವಿಲ್ಲದ ಆ ತಿಂಗಳುಗಳಲ್ಲಿ ಕನಿಷ್ಠ ಶಾಂತಿಯಾದರೂ ಇತ್ತು.

ಹೊಟ್ಟೆ ತುಂಬಿದ ಭಾರಕ್ಕೆ ಅವರು ಕುರ್ಚಿಗೆ ಹೋಗಿ ಒರಗಿ ಮರುಕ್ಷಣವೇ ಗೊರಕೆ ಹೊಡೆದರು. ಲೋಟವನ್ನು ಮೇಜಿನ ಮೇಲೆಯೇ ಮರೆತಿದ್ದರು. ಇದು ಹಿಂದೆ ಎಂದೂ ನಡೆದದ್ದಲ್ಲ. ಪುಟ್ಟಿ ತಟ್ಟೆಗಳನ್ನು ಒಯ್ದಳು. ನಾನು ಉಸಿರು ಬಿಗಿಹಿಡಿದು, ಬೆರಳ ತುದಿಯಿಂದ ಲೋಟ ಎತ್ತಿದೆ.

ಹಗುರವಾಗಿತ್ತು. ಒಳಗೆ ನೋಡಿದೆ. ತಳದಲ್ಲಿ ಕಪಾಟಿನ ನೆತ್ತಿಯ ಧೂಳು ತೆಳ್ಳಗೆ, ಸಮನಾಗಿ ಕೂತಿತ್ತು. ಧೂಳಿನ ಮೇಲೆ ಒಂದು ಸತ್ತ ನೊಣ. ಒಂದು ಹನಿ ತೇವವೂ ಇರಲಿಲ್ಲ.

“ಏನತ್ತಿಗೆ ನೋಡ್ತಾ ಇದ್ದೀರಿ?” ಎಂದಳು ಪುಟ್ಟಿ ಒಳಗಿನಿಂದ.

“ಏನೂ ಇಲ್ಲ.”

ಒಂದೇ ಒಂದು ಉದಾಹರಣೆಯಿಂದ ಸಾರ್ವತ್ರಿಕ ತೀರ್ಮಾನಕ್ಕೆ ಬರಬಾರದೆಂದು ಮೂವತ್ತು ವರ್ಷ ಪಾಠ ಹೇಳಿದ್ದೇನೆ. ಈ ರಾತ್ರಿಯ ಲೋಟ ಈ ರಾತ್ರಿಗೆ ಮಾತ್ರ ಸಾಕ್ಷಿ. ಉಳಿದ ಅಷ್ಟೂ ವರ್ಷಗಳ ಲೋಟವನ್ನು ತೊಳೆದವರು ಒಬ್ಬರೇ.

ಲೋಟವನ್ನು ಮೊದಲಿದ್ದ ಜಾಗದಲ್ಲೇ, ತಟ್ಟೆಯ ಎಡಕ್ಕೆ, ಹಾಗೆಯೇ ಇಟ್ಟೆ. ನಡುಮನೆಗೆ ಹೋಗಿ ಗಟ್ಟಿಯಾಗಿ ಹೇಳಿದೆ:

“ರೀ, ಏಳ್ರೀ. ನಿಮ್ಮ ಗಲೀಜು ಲೋಟ ಅಲ್ಲೇ ಬಿದ್ದಿದೆ. ನಾನಂತೂ ಮುಟ್ಟಲ್ಲ.”

ಅವರು ಧಡಕ್ಕನೆ ಎದ್ದರು. ನನ್ನ ಮುಖವನ್ನೊಮ್ಮೆ ನೋಡಿದರು. ಲೋಟ ಎತ್ತಿಕೊಂಡು, ಅದರ ಬಾಯಿಗೆ ಅಂಗೈ ಮುಚ್ಚಿ ಹಿಡಿದು, ಸಿಂಕಿನ ಮುಂದೆ ನನಗೆ ಬೆನ್ನು ಮಾಡಿ ನಿಂತರು. ನಲ್ಲಿಯನ್ನು ಪೂರ್ತಿ ಬಿಟ್ಟು, ಸೋಪು ಹಚ್ಚಿ, ಆ ಖಾಲಿ ಲೋಟವನ್ನು ಬಹಳ ಹೊತ್ತು ಉಜ್ಜಿ ಉಜ್ಜಿ ತೊಳೆದರು.