ಕೊರಗಪ್ಪ ಎರಡು ಸಲ ಕರೆದದ್ದು

ದೂಮಪ್ಪನ ಗ್ರಹಚಾರ ಕೆಟ್ಟದ್ದು ಒಂದು ಕ್ಯಾಸೆಟ್ಟಿನಿಂದ.

ಮಸ್ಕತ್ತಿನ ಅಲ್ ಖುವೈರ್‌ನಲ್ಲಿ ಒಂದು ಹೋಟೆಲು, ಅದರ ಬಾರಿನಲ್ಲಿ ಅವನು ವೇಟರ್. ಎಣ್ಣೆ ಕಂಪನಿಯ ಅಮೆರಿಕದವರಿಗೆಂದು ಗೋಡೆಗೆಲ್ಲ ಬಂಡಿಚಕ್ರ, ಕುದುರೆಯ ಜೀನು ತೂಗುಹಾಕಿದ್ದರು. ಅವರ ಊರಲ್ಲಿ ಅಂಥ ಬಾರಿಗೆ ಹಾಂಕಿ-ಟಾಂಕ್ ಎನ್ನುತ್ತಾರಂತೆ. ಎಂಬತ್ತೇಳರ ಚಳಿಗಾಲದಲ್ಲಿ ಟೆಕ್ಸಾಸಿನ ಹಾಡುಗಾರನೊಬ್ಬ ಅಲ್ಲೇ, ಕುಡಿಯುವವರ ಎದುರಿಗೇ, ತನ್ನ ಹಳ್ಳಿಗಾಡಿನ ಕಂಟ್ರಿ ಹಾಡುಗಳನ್ನು ಹಾಡಿ ರೆಕಾರ್ಡು ಮಾಡಿಸಿದ್ದ. ಮರುವರ್ಷ ಕ್ಯಾಸೆಟ್ ಬಂತು. ಗಿರಾಕಿಗಳಿಗೆಲ್ಲ ಹಂಚಿ ತಿಂಗಳಾದ ಮೇಲೆ, ಉಳಿದದ್ದೊಂದು ದೂಮಪ್ಪನ ಕೈಗೆ ಬಂತು.

ಮಧ್ಯಾಹ್ನದ ಊಟದ ಹೊತ್ತಿಗೆ ಮಸ್ಕತ್ತಿನ ತನ್ನ ಮನೆಯಲ್ಲಿ ಹೆಂಡತಿ ಉಮಾವತಿ, ಪಕ್ಕದ ಮನೆಯ ಹಿಲ್ಡಾಬಾಯಿ ಇಬ್ಬರ ಎದುರಿಗೆ ಅದನ್ನು ಹೆಮ್ಮೆಯಿಂದ ಹಾಕಿದ. ಮೂರನೆಯ ಹಾಡಿನ ನಡುವೆ ಗಿಟಾರು ನಿಂತಿತು. ಆ ಮೌನದೊಳಗಿಂದ, ಬಾವಿಯ ತಳದಲ್ಲಿ ಕೂತು ಕರೆದಂತೆ, ಎಳೆದ ದನಿಯೊಂದು ಬಂತು.

"ದೂಮಣ್ಣಾ... ದೂಮಣ್ಣಾ..."

ಬಾರಿನ ಅಡುಗೆಯ ಕೊರಗಪ್ಪನ ದನಿ. ರೆಕಾರ್ಡಿನ ದಿನ ಅಡುಗೆಮನೆಯ ಕಿಂಡಿಯಿಂದ ಕರೆದಿದ್ದ. ಸದ್ದು ಮಾಡಬಾರದೆಂದು ಅಪ್ಪಣೆಯಾಗಿದ್ದರಿಂದ ದೂಮಪ್ಪ ಓಗೊಟ್ಟಿರಲಿಲ್ಲ. ಆಮೇಲೆ ರಜೆಯಲ್ಲಿ ಊರಿಗೆ ಹೋದ ಕೊರಗಪ್ಪ ಜ್ವರ ಬಂದು ತೀರಿಕೊಂಡಿದ್ದ.

ಓ ಎನ್ನಲು ದೂಮಪ್ಪನ ಬಾಯಿ ತೆರೆಯಿತು. ಉಮಾವತಿ ಅನ್ನದ ಕೈಯಲ್ಲೇ ಅದನ್ನು ಮುಚ್ಚಿದಳು.

"ಓ ಹೇಳ್ಬೇಡಿ. ಬದುಕಿದವರು ಮೂರು ಸಲ ಕರೀತಾರೆ. ಸತ್ತವರ ಪ್ರೇತ, ಕುಲೆ, ಎರಡೇ ಸಲ ಕರೆಯುದು. ಓ ಅಂದ್ರೆ ಅದರ ಬೆನ್ನಿಗೇ ಹೋದ ಹಾಗೆ."

"ಇದು ಕ್ಯಾಸೆಟ್ ಮಾರಾಯ್ತಿ. ಆಗ ಅವ ಬದುಕಿದ್ದ."

"ಈಗ ಇದ್ದಾನಾ?" ಹಿಲ್ಡಾಬಾಯಿ ಶಿಲುಬೆಯ ಗುರುತು ಮಾಡಿಕೊಂಡಳು. "ನಾವು ಇಂಥದ್ದೆಲ್ಲ ನಂಬುದಿಲ್ಲ ದೂಮಣ್ಣ. ಆದ್ರೂ ನೀವು ಓ ಹೇಳ್ಬೇಡಿ."

ದೂಮಪ್ಪ ಕ್ಯಾಸೆಟ್ ನಿಲ್ಲಿಸಿದ. ಕರೆದವರಿಗೆಲ್ಲ ಓ ಎನ್ನುವುದೇ ಅವನ ಹೊಟ್ಟೆಪಾಡು. ಆ ಸಂಜೆ ಹಾಡುಗಾರ ಬೇರೆ ಮತ್ತೆ ಬರುವವನಿದ್ದ. ಹೊಟ್ಟೆನೋವೆಂದು ಬಾರಿಗೆ ಫೋನು ಮಾಡಿದ.

"ಹಾಗಾದ್ರೆ ಖಲಾಸ್. ನಾಳೆಯಿಂದಲೂ ಬರುದು ಬೇಡ," ಎಂದ ಮ್ಯಾನೇಜರ್ ಸ್ಟ್ಯಾನ್ಲಿ.

ಹಿಲ್ಡಾಬಾಯಿ ಹತ್ತಿ ತಂದು, ದಿಂಬಿಗೆ ತುಂಬಿದಂತೆ ಅವನ ಕಿವಿಗಳಿಗೆ ತುಂಬಿ ಕಳಿಸಿದಳು.

ಬಿಯರ್ ಕೇಳಿದವನಿಗೆ ಸೂಪು ಹೋಯಿತು. ಸೂಪು ಕೇಳಿದವನಿಗೆ ಬಿಲ್ಲು ಹೋಯಿತು. ಹೇಗೋ ಹೊತ್ತು ಸರಿಯುತ್ತಿತ್ತು. ಅಷ್ಟರಲ್ಲಿ ದೀಪ ಸಣ್ಣದಾಯಿತು. ಹಾಡುಗಾರ ಆ ಮೂರನೆಯ ಹಾಡನ್ನು ಎತ್ತಿಕೊಂಡ. ಗಿಟಾರು ನಿಂತಿತು.

ಒಂದು ತಿಂಗಳಿಂದ ಕಾರಿನಲ್ಲಿ ಆ ಕ್ಯಾಸೆಟ್ ಕೇಳಿ ಕೇಳಿ, ಕರೆಯೂ ಹಾಡಿನ ಭಾಗವೆಂದೇ ಗಿರಾಕಿಗಳು ಕಲಿತುಬಿಟ್ಟಿದ್ದರು. ಕತ್ತಲಲ್ಲಿ ಕೂತ ಅಷ್ಟೂ ಬಿಳಿಯರು ಒಟ್ಟಿಗೆ ಬಾಯಿ ತೆರೆದರು. ಅದೇ ಎಳೆತ, ಕೊನೆಯಲ್ಲಿ ಅದೇ ನಡುಕ. ಸತ್ತವನ ಒಂದು ದನಿ ಅಷ್ಟೂ ಗಂಟಲುಗಳಿಂದ ಹೊರಟಿತು.

"ದೂಮಣ್ಣಾ... ದೂಮಣ್ಣಾ..."

ಹತ್ತಿ ಯಾವ ಮೂಲೆಗೆ? ಟ್ರೇ ನೆಲಕ್ಕೆ ಬಿತ್ತು. ದೂಮಪ್ಪನ ಹೊಟ್ಟೆಯೊಳಗಿಂದ, ತಡೆದರೂ ನಿಲ್ಲದೆ, ಉದ್ದದ ಒಂದು "ಓ" ಎದ್ದು ಬಂತು.

ಬಾರು ಚಪ್ಪಾಳೆಯಿಂದ ನಡುಗಿತು. ಅವನು ಅಡುಗೆಮನೆಗೆ ಓಡಿ ಎದೆ ಮುಟ್ಟಿ ನೋಡಿಕೊಂಡ. ಹೊಡೆದುಕೊಳ್ಳುತ್ತಿತ್ತು. ಹಿಂದೆಯೇ ಸ್ಟ್ಯಾನ್ಲಿ ಬಂದ.

"ಎಂತ ನಡುಗುದು?"

ದೂಮಪ್ಪ ಎಲ್ಲವನ್ನೂ ಹೇಳಿದ. ಸ್ಟ್ಯಾನ್ಲಿ ನಕ್ಕುಬಿಟ್ಟ.

"ಈಗ ಕರೆದದ್ದು ಬದುಕಿದವರು. ನೀನು ಓ ಅಂದದ್ದು ಅವರಿಗೆ. ಕೊರಗಪ್ಪನಿಗೆ ಅಲ್ಲ, ಅಲ್ವಾ?"

"ಹೌದಲ್ಲ," ಎಂದ ದೂಮಪ್ಪ. ಮಧ್ಯಾಹ್ನದಿಂದ ಮೊದಲ ಸಲ ಸರಿಯಾಗಿ ಉಸಿರು ಬಿಟ್ಟ.

"ಹಾಡುಗಾರನಿಗೆ ಭಾರೀ ಖುಷಿ. ಹಳೇ ಕ್ಯಾಸೆಟ್ಟಲ್ಲಿ ಕರೆಗೆ ಉತ್ತರ ಇಲ್ಲದೆ ಬೋಳಾಗಿ ಕೇಳ್ತಿತ್ತಂತೆ. ಇವತ್ತೂ ರೆಕಾರ್ಡು ಆಗಿದೆ. ನಿನ್ನ ಓ ಕತ್ತರಿಸಿ, ಕೊರಗಪ್ಪ ಕರೆದ ಬೆನ್ನಿಗೇ ಅಂಟಿಸ್ತಾರಂತೆ."

ದೂಮಪ್ಪ ಗೋಡೆಗೆ ಒರಗಿದ.

"ಎಷ್ಟು ಕ್ಯಾಸೆಟ್ ಮಾಡ್ತಾರಂತೆ?"

"ಸದ್ಯಕ್ಕೆ ಐದು ಸಾವಿರ," ಎಂದ ಸ್ಟ್ಯಾನ್ಲಿ. "ಜನಕ್ಕೆ ಹಿಡಿಸಿದ್ರೆ ಇನ್ನೂ ಉಂಟು."