ಉಡುತಡಿಯ ಹೊಟ್ಟೆ, ಸೊರಬದ ಹೆಪ್ಪು

ಹೊಟ್ಟೆ ನೋಡುವ ಡಾಕ್ಟರಿಗೆ ನಗುವಿಗೇನೂ ಬರವಿಲ್ಲ. ಆದರೆ ಎಷ್ಟೋ ಸಲ ಅದು ಜೀವ ಕೈಯಲ್ಲಿ ಹಿಡಿದುಕೊಂಡಿರುವಾಗಲೇ ಬರುತ್ತದೆ. ಐವತ್ತರ ದಶಕದ ಕೊನೆಗೆ ನಾನು ಶಿಕಾರಿಪುರದಲ್ಲಿದ್ದಾಗ ನಡೆದದ್ದು ಇದು.

ಗಾಜಿನೊಳಗೆ

ಉಡುತಡಿಯ ಯಜಮಾನರೊಬ್ಬರು, ಎಪ್ಪತ್ತು ದಾಟಿದವರು, ಬಿಡದ ಜ್ವರ, ಹೊಟ್ಟೆನೋವು ಎಂದು ಬಂದರು. ಅವರ ಮಲವನ್ನು ಸೂಕ್ಷ್ಮದರ್ಶಕದಲ್ಲಿ ಇಟ್ಟಿದ್ದೆ. ತಾವೂ ನೋಡಲೇಬೇಕೆಂದು ಹಟ ಹಿಡಿದರು.

"ಇವೆಲ್ಲ ನನ್ನೊಳಗೆ ಅದಾವೇನ್ರೀ?"

"ಹೌದು ಯಜಮಾನ್ರೇ. ಹೆಚ್ಚಿನವು ಒಳ್ಳೆಯವೇ. ಉಂಡದ್ದು ಅರಗೋಕೆ ದುಡೀತವೆ."

"ಇಷ್ಟು ಆಳು ಇದ್ದೂ ನನಗೆ ಅಜೀರ್ಣ ಯಾಕ್ರಿ? ಎಲ್ಲ ಸೋಮಾರಿಗಳೇ ಸೇರ್ಕಂಡಾವೆ!"

ಒಲೆಯ ಮೇಲೆ

ಆಗಷ್ಟೇ ಬಂದಿದ್ದ ಹೊಸ ಮಾತ್ರೆ ಕೊಟ್ಟು, ಕುದಿಸದೆ ಏನೂ ಕೊಡಬೇಡಿ ಎಂದು ಜೊತೆಗೆ ಬಂದಿದ್ದ ಸೊಸೆಗೆ ಹೇಳಿದೆ. ಜ್ವರ ಇಳಿಯಿತು, ಭೇದಿ ಹತ್ತಿಕೊಂಡಿತು. ಮಾತ್ರೆ ಕೆಟ್ಟ ಕ್ರಿಮಿಗಳ ಜೊತೆಗೆ ಒಳ್ಳೆಯವನ್ನೂ ಗುಡಿಸಿಹಾಕಿತ್ತು. ಹರೆಯದವರಿಗೆ ಅವು ಬೇಗ ತುಂಬಿಕೊಳ್ಳುತ್ತವೆ, ಮುದಿ ಹೊಟ್ಟೆಯಲ್ಲಿ ಅಷ್ಟು ಸುಲಭವಲ್ಲ. ಮಾತ್ರೆ ನಿಲ್ಲಿಸಿ, ಒಳ್ಳೆಯ ಕ್ರಿಮಿಗಳಿರುವ ಮಜ್ಜಿಗೆ ಕೊಡಿ ಎಂದು ಹೇಳಿ ಕಳಿಸಿದೆ.

ಮರುದಿನ ಸಂಜೆ ಅವರ ಮನೆಗೆ ಹೋದರೆ ಕಣ್ಣು ಗುಳಿಬಿದ್ದಿವೆ, ನಾಡಿ ತೀರ ಕ್ಷೀಣ.

"ಮಜ್ಜಿಗೆ ಕೊಟ್ಟಿರೇನಮ್ಮಾ?"

"ಕೊಟ್ಟೀನ್ರಿ," ಎಂದಳು ಸೊಸೆ. "ಕುದಿಸದೆ ಏನೂ ಕೊಡಬ್ಯಾಡ ಅಂದಿದ್ರಲ್ಲ? ಚೆನ್ನಾಗಿ ಉಕ್ಕು ಬರ್ಸೀನಿ. ಹೆಪ್ಪಿಗಿಟ್ಟಿದ್ದ ಮೊಸರನ್ನೂ ಬಿಟ್ಟಿಲ್ರಿ!"

ಜಗಲಿಯ ಮೇಲೆ

ಕುದಿದ ಮಜ್ಜಿಗೆಯಲ್ಲಿ ಒಳ್ಳೆಯ ಕ್ರಿಮಿ ಒಂದೂ ಉಳಿದಿರುವುದಿಲ್ಲ, ಮನೆಯಲ್ಲಿ ಹೆಪ್ಪೂ ಇಲ್ಲ. ದೀಪ ಹಚ್ಚಿದ ಮೇಲೆ ಊರಲ್ಲಿ ಯಾರೂ ಮೊಸರು ಹೊರಗೆ ಕೊಡುವುದಿಲ್ಲ. ಬೆಳಗಿನವರೆಗೆ ಈ ಜೀವ ತಡೆದೀತೇ ಎಂದು ನಾನು ಒದ್ದಾಡುತ್ತಿರುವಾಗ ಕಾಯಿಲೆಯ ಸುದ್ದಿ ಕೇಳಿ ಸೊಸೆಯ ಅಪ್ಪ ಸೊರಬದಿಂದ ಮೊಸರಿನ ಗಡಿಗೆ ಹಿಡಿದು ಬಂದರು. ಒಳಗೆ ಬರಲಿಲ್ಲ. ಮದುವೆಯ ಊಟದಲ್ಲಿ ಪಂಕ್ತಿಯ ವಿಷಯಕ್ಕೆ ಜಗಳವಾಗಿ, ಬೀಗರಿಬ್ಬರೂ ಅಂದಿನಿಂದ ಮಾತು ಬಿಟ್ಟಿದ್ದರು.

ಯಜಮಾನರು ಬಾಯಿ ಬಿಗಿದರು. "ಸತ್ರೂ ಸರಿ, ಆ ಮನೇದು ಒಂದು ಹನಿ ಮುಟ್ಟಾಕಿಲ್ಲ."

ಸೊಸೆ ಅತ್ತೇಬಿಟ್ಟಳು. "ಮಾವಾ, ನಾನು ಬಂದಾಗಿಂದ ಈ ಮನೆ ಮೊಸರಿಗೆ ನಮ್ಮಪ್ಪನ ಮನೆ ಹೆಪ್ಪೇ. ನೀವು ದಿನಾ ಉಂಡಿದ್ದೆಲ್ಲ ಅದೇ."

ಯಜಮಾನರು ನನ್ನತ್ತ ತಿರುಗಿದರು. "ಹಂಗಾರೆ ಅವತ್ತು ಗಾಜಿನಾಗೆ ಕಂಡೋರು ಸೊರಬದೋರೇನ್ರೀ?"

"ಕೆಲವರಾದ್ರೂ ಇರಬೇಕು," ಎಂದೆ.

ಯಜಮಾನರು ಆ ಮೊಸರಿನ ಲೋಟಕ್ಕೆ ಕೈ ಚಾಚಿದರು. ಎರಡು ಮೂರು ದಿನದಲ್ಲಿ ಭೇದಿ ಕಟ್ಟಿತು. ಅಷ್ಟೂ ದಿನ ಬೀಗರು ಜಗಲಿ ಬಿಟ್ಟು ಅಲ್ಲಾಡಿರಲಿಲ್ಲ. ಗಂಜಿ ಉಂಡ ಯಜಮಾನರು ಮಲಗಿದಲ್ಲಿಂದಲೇ ಕೂಗಿದರು:

"ಬೀಗ್ರೇ, ಒಳಗೆ ಬರ್ರಿ! ನಿಮ್ಮ ಕಡೇರೆಲ್ಲ ನನ್ನ ಹೊಟ್ಟೆಯಾಗೇ ಪಂಕ್ತಿ ಹಾಕ್ಕಂಡು ಕುಂತಾರೆ. ನೀವೊಬ್ರು ಹೊರಗೆ ನಿಂತ್ರೆ ಚಂದಲ್ಲ!"