ಸಾಕು ಎಂಬ ಬ್ಯಾಂಡಿನ ವಿಚಾರ

ಆಕ್ಲೆಂಡಿನ ಹೆಂಡರ್ಸನ್ ಬಡಾವಣೆಯ ನಮ್ಮ ವೃದ್ಧಾಶ್ರಮದ ಉಲ್ಲಾಸ ಸಂಯೋಜಕಿ ಕುಮಾರಿ ಬ್ರಯೋನಿ ಅವರ ಸನ್ನಿಧಾನಕ್ಕೆ,

ಮಾನ್ಯರೇ,

ಹರಿಹರದ ಸರ್ಕಾರಿ ಪ್ರೌಢಶಾಲೆಯಲ್ಲಿ ಕನ್ನಡ ಕಲಿಸಿ ನಿವೃತ್ತಳಾಗಿ, ಮಗಳ ಜೊತೆ ಇರಲೆಂದು ಆಕ್ಲೆಂಡಿಗೆ ಬಂದು, ಕಳೆದ ಚಳಿಗಾಲದಲ್ಲಿ ಪಾರ್ಶ್ವವಾಯು ಬಡಿದ ಮೇಲೆ ತಮ್ಮ ಆರೈಕೆಗೆ ಸೇರಿದ ಹಾಜಿರಾ ಬೇಗಂ ಎಂಬ ನಾನು ತಮಗೆ ನೂರು ಸಲಾಮು ಸಲ್ಲಿಸಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ತಾವು ಕ್ಷೇಮವಾಗಿದ್ದೀರೆಂಬುದು ಕಾರಿಡಾರಿನ ಆ ತುದಿಯಿಂದಲೇ ಕೇಳಿಸುವ ತಮ್ಮ ನಗುವಿನಿಂದ ತಿಳಿದು ಸಂತೋಷವಾಗಿದೆ. ಈ ಪತ್ರವನ್ನು ಇಲ್ಲಿನ ಕನ್ನಡ ಬಳಗದ ಪತ್ರಿಕೆಯಲ್ಲಿ ಅಚ್ಚು ಹಾಕಿಸುತ್ತಿರುವುದಕ್ಕೆ ಕ್ಷಮೆಯಿರಲಿ. ಇಂಗ್ಲಿಷಿನಲ್ಲಿ ಬರೆಯಲು ಹೊರಟರೆ ನನ್ನ ಸಿಟ್ಟಿಗೆ ವ್ಯಾಕರಣ ಸಿಗುವುದಿಲ್ಲ.

ಮೊದಲಿಗೆ ತಮ್ಮ ವಿದ್ವತ್ತನ್ನು ಕೊಂಡಾಡಬೇಕು. ಹದಿನೆಂಟರ ಹರೆಯದಲ್ಲಿ ಕೇಳಿದ ಹಾಡು ಮುದಿ ಮೆದುಳಿಗೆ ಮದ್ದು ಎಂದು ತಾವು ಯಾವುದೋ ತರಬೇತಿಯಲ್ಲಿ ಕಲಿತಿರಿ. ೧೯೪೭ರಲ್ಲಿ ಹುಟ್ಟಿದವಳಿಗೆ ೧೯೬೫ರಲ್ಲಿ ಹದಿನೆಂಟಾಗಿತ್ತು, ೧೯೬೫ ಎಂದರೆ ಬ್ರಿಟಿಷ್ ಪಾಪ್ ಹಾಡುಗಳ ಜನಪ್ರಿಯತಾ ಪಟ್ಟಿ, ಆದ್ದರಿಂದ ಹಾಜಿರಾ ಬೇಗಮಳಿಗೆ ಬೇಕಾದದ್ದು ಅದೇ ಪಟ್ಟಿ ಎಂದು ತೀರ್ಮಾನಿಸಿದಿರಿ. ಈ ಲೆಕ್ಕದಲ್ಲಿ ನನಗೆ ಕಾಣುವುದು ಒಂದೇ ಸಣ್ಣ ತೊಡಕು. ಆ ವರ್ಷ ನಾನು ಹರಿಹರದಲ್ಲಿದ್ದೆ.

ನಮ್ಮ ಓಣಿಗೆಲ್ಲ ಇದ್ದದ್ದು ಒಂದು ರೇಡಿಯೋ, ಅದು ಎದುರುಮನೆಯ ದಲಾಲರದು. ವಾರ್ತೆ ಮತ್ತು ದಾವಣಗೆರೆಯ ಪೇಟೆ ಧಾರಣೆ, ಇವೆರಡನ್ನು ಬಿಟ್ಟು ಬೇರೇನಕ್ಕೂ ಅವರು ಅದರ ಕಿವಿ ತಿರುಗಿಸಿದ್ದನ್ನು ನಾನು ಕಂಡಿಲ್ಲ. ನನ್ನ ಹರೆಯದ ಜನಪ್ರಿಯತಾ ಪಟ್ಟಿಯಲ್ಲಿ ಹತ್ತಿ ವಾರಗಟ್ಟಲೆ ಮೊದಲ ಸ್ಥಾನ ಬಿಟ್ಟುಕೊಡುತ್ತಿರಲಿಲ್ಲ, ಶೇಂಗಾ ಒಮ್ಮೊಮ್ಮೆ ಮೇಲೇರಿ ಬೆರಗು ಹುಟ್ಟಿಸುತ್ತಿತ್ತು, ಜೋಳ ಪಾಪ ಕೊನೆಯವರೆಗೂ ಕೆಳಗೇ ಉಳಿಯಿತು. ಇವುಗಳಲ್ಲಿ ಯಾರೂ ಹಣೆಯ ಮೇಲೆ ಕೂದಲು ಬಿಟ್ಟುಕೊಂಡು ಗಿಟಾರು ಹಿಡಿದಿರಲಿಲ್ಲ.

ಆದರೂ ತಾವು ನಾವೆಲ್ಲ ಕೂರುವ ಹಾಲಿನಲ್ಲಿ ಹಾಡು ನುಡಿಸುವ ಕರಿ ಪೆಟ್ಟಿಗೆಯೊಂದನ್ನು ಇಟ್ಟು, ಬೆಳಗಿನ ಚಹಾದಿಂದ ಹಿಡಿದು ನಲವತ್ತನೇ ಸ್ಥಾನದ ಹಾಡಿನಿಂದ ಮೇಲೇರುತ್ತ, ಮೊದಲನೇ ಸ್ಥಾನ ಮಧ್ಯಾಹ್ನದ ಸೂಪಿನ ಜೊತೆಗೇ ಬಂದು ತಲುಪುವಂತೆ ಹೊಂದಿಸಿದಿರಿ. ಮರುದಿನ ಮತ್ತೆ ೧೯೬೫ರ ಅದೇ ಒಂದು ವಾರದ ಪಟ್ಟಿ, ಅದೇ ನಲವತ್ತು. ಜಗತ್ತಿನಲ್ಲಿ ಯಾವ ಬ್ಯಾಂಡೂ ಇಷ್ಟು ಕಾಲ ಮೊದಲ ಸ್ಥಾನದಲ್ಲಿ ಕೂತಿರಲಾರದು.

ಆಗ ನನಗೆ ಬಲಗೈ ಏಳುತ್ತಿರಲಿಲ್ಲ, ಮಾತು ಬರುತ್ತಿರಲಿಲ್ಲ. ಇಂಗ್ಲಿಷು ಮೊದಲು ಹೋಯಿತು, ಅದರ ಹಿಂದೆ ಮನೆಯ ಉರ್ದು, ಕೊನೆಗೆ ಮೂವತ್ತು ವರ್ಷ ಅನ್ನ ಹಾಕಿದ ಕನ್ನಡವೂ ಬಾಯಿಯ ಬಾಗಿಲಲ್ಲಿ ನಿಂತುಬಿಟ್ಟಿತು. ಸದ್ದು ಕಡಿಮೆ ಮಾಡಿ ಎಂದು ಹೇಳಲು ನನ್ನಲ್ಲಿ ಉಳಿದಿದ್ದದ್ದು ಎಡಗೈಯ ಬೆರಳು ಮಾತ್ರ. ಅದರಿಂದ ಕುರ್ಚಿಯ ತೋಳನ್ನು ಕುಟ್ಟಿದೆ. ತಾವು ಓಡಿ ಬಂದಿರಿ. "ನೋಡಿ, ಹಾಜಿರಾ ತಾಳ ಹಾಕ್ತಿದಾರೆ! ಲವ್ಲಿ!" ಎಂದು ಕೂಗಿ ಸದ್ದು ಹೆಚ್ಚಿಸಿದಿರಿ. ನಾನು ಬೇಡ ಬೇಡವೆಂದು ತಲೆಯಾಡಿಸಿದೆ. ತಾವು ಅದನ್ನು ನೃತ್ಯವೆಂದು ಗುರುತಿಸಿ ಫೋನಿನಲ್ಲಿ ವಿಡಿಯೋ ಮಾಡಿದಿರಿ.

ಆ ವಿಡಿಯೋವನ್ನು ತಾವು ನನ್ನ ಮಗಳು ಮೆಹ್ನಾಜಳಿಗೆ ಕಳಿಸಿದಿರಿ. ಅವಳದು ಇಲ್ಲೇ ಎರಡು ಬೀದಿಯಾಚೆ ಔಷಧದಂಗಡಿ. ಅಂಗಡಿ ಮುಚ್ಚಿ ಅವಳು ನನ್ನನ್ನು ನೋಡಲು ಬರುವಷ್ಟರಲ್ಲಿ ಪೆಟ್ಟಿಗೆ ಮಲಗಿರುತ್ತಿತ್ತಾದ್ದರಿಂದ ಅವಳಿಗೆ ಗೊತ್ತಿದ್ದದ್ದು ವಿಡಿಯೋದ ಹಾಜಿರಾ ಮಾತ್ರ. ಅವಳೋ ತಾಯಿ ಚೇತರಿಸಿಕೊಂಡಳೆಂಬ ಖುಷಿಯಲ್ಲಿ ಅದನ್ನು ಊರಿನ ಬಂಧುಗಳಿಗೆಲ್ಲ ಹಂಚಿದಳು. ಹಜ್ ಮುಗಿಸಿ ಬಂದಿರುವ ನನ್ನ ತಮ್ಮ ಅಕ್ರಮ್ ಹರಿಹರದಿಂದ ಫೋನು ಮಾಡಿ, ಮಗಳು ನನ್ನ ಕಿವಿಗೆ ಹಿಡಿದ ಫೋನಿನಲ್ಲಿ, "ಆಪಾ, ಈ ವಯಸ್ನಾಗ ಇದೆಲ್ಲಾ ಬೇಕಿತ್ತೇನು?" ಎಂದು ಬಹಳ ಹೊತ್ತು ಬುದ್ಧಿ ಹೇಳಿದ. ಮಾತಿಲ್ಲದವಳನ್ನು ಬಯ್ಯುವುದು ಎಷ್ಟು ಸಲೀಸು ಎಂಬುದು ಅವನಿಗೂ ಆ ದಿನ ತಿಳಿದಿರಬೇಕು. ನಾನು ಕಿವಿಯಿಂದ ಕೇಳಿಸಿಕೊಂಡು ಕಣ್ಣಿನಿಂದ ಅತ್ತೆ. ಭಾವಪರವಶಳಾಗಿದ್ದಾಳೆ ಎಂದು ತಾವು ಪಕ್ಕದಲ್ಲಿದ್ದವರಿಗೆ ವಿವರಿಸಿದಿರಿ, ಮತ್ತು ಮರುದಿನದಿಂದ, ಹಾಡುಗಳೆಂದರೆ ನನಗೆ ಎಲ್ಲರಿಗಿಂತ ಹೆಚ್ಚು ಪ್ರಾಣವೆಂಬ ಕಾರಣಕ್ಕೆ, ನನ್ನ ಕುರ್ಚಿಯನ್ನು ಪೆಟ್ಟಿಗೆಯ ಎದುರಿಗೇ ತಂದಿಟ್ಟಿರಿ.

ಅಷ್ಟು ಹತ್ತಿರ ತಂದಿಟ್ಟದ್ದೇ ಅನುಕೂಲವಾಯಿತು. ಗೋಡೆಯ ಪ್ಲಗ್ಗು ನನ್ನ ಎಡಗೈಗೆ ಎಟುಕಿತು. ಕಿತ್ತೆ. ಹಾಲಿನಲ್ಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ಮುಗಿದ ಹಾಡಿಗೆ ಬಂದ ಚಪ್ಪಾಳೆಯೆಂದು ತಾವು ಬಗ್ಗಿ ವಂದಿಸಿ ಪ್ಲಗ್ಗನ್ನು ಮತ್ತೆ ಸಿಕ್ಕಿಸಿದಿರಿ. ಮರುದಿನವೂ ಕಿತ್ತೆ, ಅದರ ಮರುದಿನವೂ. ಆಗ ತಾವು ಬೇಸರ ಮಾಡಿಕೊಳ್ಳದೆ, ಹಾಜಿರಾಗೆ ಸಂಗೀತದ ಉದ್ವೇಗ ತಡೆಯಲಾಗುತ್ತಿಲ್ಲ ಎಂದು ಡಾಕ್ಟರಿಗೆ ವರದಿ ಮಾಡಿದಿರಿ. ಅವರು ತಮ್ಮ ಮಾತನ್ನು ನಂಬಿ, ಮನಸ್ಸನ್ನು ತಣ್ಣಗಾಗಿಸಿ ದಿನವಿಡೀ ತೂಕಡಿಸುವಂತೆ ಮಾಡುವ ಮಾತ್ರೆ ಬರೆದರು. ಸದ್ದು ಮಾಡುತ್ತಿದ್ದದ್ದು ಪೆಟ್ಟಿಗೆ, ಮಾತ್ರೆ ಬಂದದ್ದು ನನಗೆ.

ಡಾಕ್ಟರ ಚೀಟಿ ಹೋದದ್ದು ಮೆಹ್ನಾಜಳ ಅಂಗಡಿಗೇ. ಅವಳು ಆ ಮಾತ್ರೆಯ ಡಬ್ಬಿಗೆ ನನ್ನ ಹೆಸರು ಅಂಟಿಸುತ್ತಿರುವಾಗ ತಾವು ಫೋನು ಮಾಡಿದಿರಿ. ಆ ಫೋನಿಗಾಗಿ ನಾನು ತಮಗೆ ಬದುಕಿಡೀ ಋಣಿ, ಇದರಲ್ಲಿ ವ್ಯಂಗ್ಯವಿಲ್ಲ. ಆ ಬೆಳಿಗ್ಗೆ ನಾನು ಪ್ಲಗ್ಗು ಕೀಳುವಾಗ ಬಾಯಿಂದ ಏನೋ ಹೊರಬಿದ್ದಿತ್ತು, ತಾವು ಅದನ್ನು ಕೇಳಿಸಿಕೊಂಡಿದ್ದಿರಿ.

"ನಿಮ್ಮ ತಾಯಿ ಒಂದೇ ಸಮನೆ ಸಾಕೂ, ಸಾಕೂ ಅಂತಿದಾರೆ. ನಾನು ಎಲ್ಲ ಕಡೆ ಹುಡುಕಿದೆ, ಆ ಹೆಸರಿನ ಬ್ಯಾಂಡು ಆ ವರ್ಷದ ಪಟ್ಟಿಯಲ್ಲಿ ಇಲ್ಲ. ಇಂಡಿಯಾದ ಬ್ಯಾಂಡಾ?" ಎಂದು ತಾವು ಅವಳನ್ನು ಕೇಳಿದಿರಿ.

ಮೆಹ್ನಾಜ್ ಫೋನು ಕೆಳಗಿಟ್ಟಳು. ಡಬ್ಬಿಯನ್ನು ಅಲ್ಲೇ ಬಿಟ್ಟು, ಬಿಳಿ ಕೋಟು ಬಿಚ್ಚುವುದನ್ನೂ ಮರೆತು, ಎರಡು ಬೀದಿ ಓಡಿ ಬಂದು ನನ್ನ ಕುರ್ಚಿಯ ಮುಂದೆ ಮಂಡಿಯೂರಿದಳು.

"ಅಮ್ಮೀ, ಮಾತಾಡಿದ್ಯಾ? ಸಾಕು ಅಂದ್ಯಾ?"

"ಸಾಕು," ಎಂದೆ. ತೊದಲುತ್ತಿತ್ತು. ಪೆಟ್ಟಿಗೆಯ ಕಡೆ ಬೆರಳು ತೋರಿಸಿ ಇನ್ನೊಮ್ಮೆ, "ಅದು... ಸಾಕು," ಎಂದೆ.

ಅವಳು ನಗುತ್ತಲೇ ಬಿಕ್ಕಿಬಿಕ್ಕಿ ಅತ್ತಳು. "ಅಯ್ಯೋ ಅಮ್ಮೀ, ನಾನೂ ಡ್ಯಾನ್ಸು ಅಂದ್ಕೊಂಡು ಎಲ್ಲಾರ್ಗೂ ಫಾರ್ವರ್ಡ್ ಮಾಡ್ಬಿಟ್ಟೆನಲ್ಲ!" ಎಂದಳು. ಆಮೇಲೆ ತಮ್ಮ ಕಡೆ ತಿರುಗಿ ಆ ಪದದ ಅರ್ಥ ಹೇಳಿದಳು.

ತಮ್ಮ ಮುಖ ಬಿಳಿಚಿಕೊಂಡದ್ದನ್ನು ನಾನು ಕಂಡೆ. ಹಾಗಿದ್ದರೆ ಈ ಹಾಡುಗಳು ಇಷ್ಟವಿರುವವರು ಕೈಯೆತ್ತಿ ಎಂದು ತಾವು ಹಾಲಿನವರನ್ನೆಲ್ಲ ಕೇಳಿದಿರಿ. ಒಂದು ಕೈಯೂ ಮೇಲೇಳಲಿಲ್ಲ. ಸಮೋವಾ ದ್ವೀಪದ ಲೂಪೆ ಆಂಟಿ, ಆ ಕಾಲದಲ್ಲಿ ತಾನು ಹಾಡಿದ್ದೂ ಕೇಳಿದ್ದೂ ಚರ್ಚಿನ ಹಾಡುಗಳನ್ನಷ್ಟೇ, ಪಕ್ಕದ ಕುರ್ಚಿಯ ನಾರ್ಮನ್ನಿಗೆ ಇವು ಇಷ್ಟವಿರಬೇಕೆಂದು ನಗುಮುಖದಿಂದ ಸಹಿಸಿಕೊಂಡೆ ಎಂದರು. ಲೂಪೆ ನಗುತ್ತಿದ್ದುದರಿಂದ ಅವರಿಗೇ ಇಷ್ಟವೆಂದು ತಾನು ಸುಮ್ಮನಿದ್ದೆ ಎಂದರು ನಾರ್ಮನ್. ಈ ನಾರ್ಮನ್ನರು ಆ ಬ್ಯಾಂಡುಗಳ ತವರೂರಾದ ಲಿವರ್‌ಪೂಲ್‌ನಲ್ಲೇ ಹುಟ್ಟಿ ಬೆಳೆದವರಾದ್ದರಿಂದ ತಾವು ಅವರತ್ತ ಕೊನೆಯ ಆಸೆಯ ಕಣ್ಣಿನಿಂದ ನೋಡಿದಿರಿ.

"ನಾನು ಆ ಊರು ಬಿಟ್ಟಿದ್ದೇ ಈ ಗಲಾಟೆ ತಪ್ಪಿಸಿಕೊಳ್ಳೋಕೆ, ಮಗೂ," ಎಂದರು ಅವರು. "ಪಕ್ಕದ ಮನೆ ಹುಡುಗರು ಬ್ಯಾಂಡು ಕಟ್ಟಿದ್ರು. ನನಗೆ ಬೇಕರೀಲಿ ರಾತ್ರಿ ಪಾಳಿ, ಅವರಿಗೆ ಹಗಲೆಲ್ಲ ಡ್ರಮ್ಮು."

"ಅವರ ಹಾಡು ಪಟ್ಟಿಗೆ ಬಂತಾ?" ಎಂದು ತಮಗೆ ಕೇಳದೆ ಇರಲಾಗಲಿಲ್ಲ.

"ಎಲ್ಲಿ ಬಂತು? ಆಗ ಪತ್ರಿಕೆಗೊಂದು ಪಟ್ಟಿ ಇತ್ತು, ಒಂದರ ಮೊದಲನೆಯವರು ಇನ್ನೊಂದರಲ್ಲಿ ಎರಡನೆಯವರು. ಅಷ್ಟೊಂದು ಪಟ್ಟಿಯಲ್ಲಿ ಒಂದಕ್ಕೂ ಅವರು ಹತ್ತಲಿಲ್ಲ. ಹತ್ತಿದ್ರೆ ಲಂಡನ್ನಿಗೆ ಹೋಗ್ತಿದ್ರು, ನಾನು ನಿದ್ದೆ ಮಾಡ್ಕೊಂಡು ಅಲ್ಲೇ ಇರ್ತಿದ್ದೆ."

ತಾವು ಅಲ್ಲೇ ಕೂತು ಅತ್ತಿರಿ. ನಾನು ಎಡಗೈಯಿಂದ ತಮ್ಮ ಬೆನ್ನು ಸವರಿದೆ. ಮಾತ್ರೆಯ ಡಬ್ಬಿಯನ್ನು ಮೆಹ್ನಾಜ್ ಡಾಕ್ಟರಿಗೇ ವಾಪಸು ಒಯ್ದು, ಬಾಗಿಲು ಹಾಕಿಕೊಂಡು ಅವರೊಡನೆ ಮಾತಾಡಿದಳು. ಹೊರಬಂದಾಗ ಡಾಕ್ಟರ ಕಿವಿ ಕೆಂಪಾಗಿತ್ತು. ಇಲ್ಲಿಗೆ ಎಲ್ಲವೂ ಸುಖಾಂತವಾಗಿತ್ತು. ಆದರೆ ತಮ್ಮ ಉತ್ಸಾಹಕ್ಕೆ ಪಾರ್ಶ್ವವಾಯು ಬಡಿಯುವುದಿಲ್ಲವಲ್ಲ! ಇನ್ನು ಮುಂದೆ ಈ ಮನೆಯ ಪಟ್ಟಿಯನ್ನು ಈ ಮನೆಯವರೇ ಮತ ಹಾಕಿ ಮಾಡಲಿ, ಗೆದ್ದದ್ದನ್ನು ಪೆಟ್ಟಿಗೆ ನುಡಿಸಲಿ ಎಂದು ಮುಂದಿನ ಸೋಮವಾರ ಘೋಷಿಸಿದಿರಿ. ನಾನು ತೊದಲುತ್ತಲೇ "ಮೌನ" ಎಂದು ಸೂಚಿಸಿದೆ, ಲೂಪೆ ಅನುಮೋದಿಸಿದರು, ಭಾರೀ ಬಹುಮತದಿಂದ ಮೌನ ಮೊದಲ ಸ್ಥಾನಕ್ಕೇರಿತು. ತಾವು ಫೋನಿನಲ್ಲಿ ಹುಡುಕಿ, ಅದು ಆ್ಯಪಿನಲ್ಲಿ ಲಭ್ಯವಿಲ್ಲವೆಂದು ವಿಷಾದಿಸಿ, ಮತ ಬೀಳದ ಹಳೆಯ ನಲವತ್ತನ್ನೇ ಮುಂದುವರಿಸಿದಿರಿ. ಅಂದಿನಿಂದ ಪ್ರತಿ ಸೋಮವಾರ ಮೌನ ಗೆಲ್ಲುತ್ತಿದೆ, ಪ್ರತಿ ಸೋಮವಾರ ಅಧಿಕಾರ ಸೋತವರ ಕೈಯಲ್ಲೇ ಉಳಿಯುತ್ತಿದೆ.

ಹೀಗಾಗಿ ನಾವು ಊರು ಬಿಟ್ಟಿದ್ದೇವೆ. ಚಹಾ ಮುಗಿದ ಕೂಡಲೇ ಎಲ್ಲರೂ ಹಿತ್ತಲಿನ ಫಿಜೋವಾ ಎಂಬ ಹಣ್ಣಿನ ಮರದ ಕೆಳಗೆ ಕುರ್ಚಿ ಎಳೆದುಕೊಂಡು ಕೂರುತ್ತೇವೆ. ಅಲ್ಲಿ ಮಾತಾಡಿ ಮಾತಾಡಿಯೇ ನನ್ನ ನಾಲಿಗೆ ಸಡಿಲವಾಯಿತು. ಆ ಕಾಲದಲ್ಲಿ ಬ್ರಿಟನ್ನಿನ ಸರ್ಕಾರಿ ರೇಡಿಯೋ ಪಾಪ್ ಹಾಡುಗಳನ್ನು ಜಿಪುಣತನದಿಂದ ಹಾಕುತ್ತಿತ್ತೆಂದೂ, ಅದಕ್ಕೆ ಕೆಲವರು ಹಡಗಿನಲ್ಲಿ ಪ್ರಸಾರಯಂತ್ರ ಇಟ್ಟುಕೊಂಡು ಕಾನೂನು ಮುಟ್ಟದಷ್ಟು ದೂರದ ಸಮುದ್ರದಿಂದ ಹಾಡು ಬಿಡುತ್ತಿದ್ದರೆಂದೂ ನಾರ್ಮನ್ ಹೇಳಿದರು. ಆದ್ದರಿಂದ ತಮ್ಮಲ್ಲಿ ನಮ್ಮ ಪ್ರಾರ್ಥನೆಯೆಂದರೆ, ದಯಮಾಡಿ ಒಂದು ಹಡಗು ಬಾಡಿಗೆಗೆ ಹಿಡಿದು, ಪೆಟ್ಟಿಗೆಯನ್ನು ಅದರಲ್ಲಿ ಕೂರಿಸಿ, ಹೌರಾಕಿ ಕೊಲ್ಲಿಯಾಚೆ ನಮ್ಮ ಕಿವಿ ಮುಟ್ಟದಷ್ಟು ದೂರ ಕಳಿಸಿಕೊಡಬೇಕು. ಮೀನುಗಳು ಹುಟ್ಟಿದ ವರ್ಷವನ್ನು ಮೊದಲು ವಿಚಾರಿಸಿಕೊಳ್ಳುವುದನ್ನು ಮರೆಯಬಾರದು. ಅದು ಆಗದಿದ್ದರೆ, ತಾವೂ ಒಂದು ಕುರ್ಚಿ ತಂದು ಮರದ ಕೆಳಗೆ ನಮ್ಮ ಜೊತೆ ಕೂತರೆ ಸಾಕು. ಈ ಪದದ ಅರ್ಥ ಈಗ ತಮಗೆ ಗೊತ್ತಿದೆ.

ತಮ್ಮ ಉಪಚಾರವನ್ನು ದಾಟಿ ಬದುಕಿರುವ,
ತಮ್ಮ ವಿಶ್ವಾಸಿ,
ಹಾಜಿರಾ ಬೇಗಂ

ಮರೆತ ಮಾತು: ತಮಗೀಗ ಇಪ್ಪತ್ತನಾಲ್ಕು. ತಮಗೂ ಎಂಬತ್ತಾಗಿ ಇಂಥದೇ ಹಾಲಿನಲ್ಲಿ ಕೂರುವ ದಿನ, ತಮಗಿಂತ ಚಿಕ್ಕವರೊಬ್ಬರು ನಗುತ್ತ ಬಂದು, ತಾವು ಈಗ ಕಾರಿನಲ್ಲಿ ಯಾರಿಗೂ ಕೇಳಿಸದಂತೆ ಕಿಟಕಿ ಏರಿಸಿಕೊಂಡು ಕೇಳುವ ಹಾಡುಗಳನ್ನು ಬೆಳಗಿನಿಂದ ಸಂಜೆವರೆಗೆ ತಮಗೆ ಕೇಳಿಸಲಿ ಎಂದು ನಾನು, ಲೂಪೆ, ನಾರ್ಮನ್ ಮೂವರೂ ತುಂಬು ಮನಸ್ಸಿನಿಂದ ಹರಸಿದ್ದೇವೆ.